ಎಂಟು ಗೂಡಿನ ಲೆಕ್ಕ

ಶಹನಾಜ್ ಟೀಚರ್ ಬಗ್ಗೆ ಬರೆಯಲು ಕೂತರೆ ಮೊದಲು ನನ್ನ ಹೇಡಿತನದ ಬಗ್ಗೆ ಬರೆಯಬೇಕಾಗುತ್ತದೆ. ಅದಕ್ಕೇ ಎರಡು ವರ್ಷ ಮುಂದಕ್ಕೆ ಹಾಕಿಕೊಂಡು ಬಂದೆ. ಈಗ ನಿವೃತ್ತನಾಗಿದ್ದೇನೆ. ನೋಟಿಸು ಕೊಡುವವರು ಯಾರೂ ಇಲ್ಲ, ಹೆಂಡತಿಯೊಬ್ಬಳನ್ನು ಬಿಟ್ಟು. ಬರೆಯಬಹುದು.

ನನ್ನ ಹೆಸರು ಆದಿನಾರಾಯಣಪ್ಪ. ದೇವನಹಳ್ಳಿ ಪಕ್ಕದ ವಿಜಯಪುರದ ಅಂಚಿನಲ್ಲಿರುವ ಒಂದು ಸರ್ಕಾರಿ ಶಾಲೆಗೆ ಹನ್ನೊಂದು ವರ್ಷ ಹೆಡ್ ಮಾಸ್ತರನಾಗಿದ್ದೆ. ಮೂವತ್ತನಾಲ್ಕು ವರ್ಷದ ಸರ್ವೀಸಿನಲ್ಲಿ ಮಕ್ಕಳಿಗೆ ಮಗ್ಗಿ ಕಲಿಸಿದ್ದು ಒಂದೇ ದಾರಿಯಲ್ಲಿ, ಗಂಟಲಿನ ದಾರಿಯಲ್ಲಿ. ನಮ್ಮ ಮಕ್ಕಳು ಮಗ್ಗಿ ಹೇಳಿದರೆ ಬಸ್ ಸ್ಟ್ಯಾಂಡಿಗೆ ಕೇಳಿಸುತ್ತಿತ್ತು, ಅದು ನನ್ನ ಹೆಮ್ಮೆ. ನಡುವೆ ತಡೆದು 'ಏಳೆಂಟ್ಲ ಎಷ್ಟೋ?' ಎಂದು ಕೇಳಿದರೆ ಮಾತ್ರ ಹುಡುಗ ಏಳೊಂದ್ಲ ಏಳರಿಂದ ಮತ್ತೆ ಹೊರಡುತ್ತಿದ್ದ. ಐದಕ್ಕೋ ಆರಕ್ಕೋ ದಾರಿ ತಪ್ಪಿ, ನನ್ನ ಕೈಯಲ್ಲಿದ್ದ ಕೋಲಿನ ಕಡೆ ನೋಡುತ್ತಿದ್ದ. ತಪ್ಪು ಹುಡುಗನದು ಎಂದೇ ನಾನು ತಿಳಿದಿದ್ದೆ.

ಶಹನಾಜ್ ಬಂದದ್ದು ಅತಿಥಿ ಶಿಕ್ಷಕಿಯಾಗಿ. ಖಾಯಂ ಮೇಷ್ಟ್ರು ಇಲ್ಲದ ಕಡೆ ಒಂದು ವರ್ಷದ ಮಟ್ಟಿಗೆ ತೆಗೆದುಕೊಂಡು, ಬೇಡವಾದ ದಿನ ಬರಬೇಡಿ ಎನ್ನಬಹುದಾದ ಕೆಲಸ ಅದು. ಅತಿಥಿ ಎಂಬ ಹೆಸರಿಟ್ಟವನು ಬಹಳ ಕುಚೋದ್ಯದವನಿರಬೇಕು. ಅತಿಥಿಗೆ ಊಟ ಹಾಕಿ ಕಳಿಸುವುದು ನಮ್ಮ ಪದ್ಧತಿ, ಇವರಿಗೆ ಕೆಲಸ ಹೇರಿ ಕಳಿಸುತ್ತೇವೆ. ಆಗ ಆಕೆಗೆ ಮೂವತ್ತನಾಲ್ಕು ವರ್ಷ. ಗಂಡ ಅಸದುಲ್ಲಾ ಗ್ಯಾರೇಜಿನಲ್ಲಿ ಮೆಕಾನಿಕ್. ಆಕೆ ಮಾತು ಕಡಿಮೆ, ಆದರೆ ಮಾತಾಡಿದರೆ ಎದುರಿನವನಿಗೆ ನಾಟುವ ಹಾಗೆ ಆಡುತ್ತಿದ್ದರು. ನನಗೆ ಮೊದಲು ಕಂಡದ್ದು ಆಕೆಯ ಬೆರಳು. ಬಲಗೈಯ ತುದಿಬೆರಳುಗಳು ಬಿಳಿಚಿಕೊಂಡು, ಚರ್ಮ ದಪ್ಪಗಾಗಿತ್ತು. ಬಿಸಿಯೂಟದ ಮುನಿತಾಯಮ್ಮ ಕುದಿಯುವ ಟೀ ಲೋಟ ಕೊಟ್ಟರೆ ನಾವೆಲ್ಲ ಸೆರಗು, ಕರ್ಚೀಫು ಹುಡುಕುತ್ತಿದ್ದೆವು. ಈಕೆ ಬರಿಗೈಯಲ್ಲಿ ಹಿಡಿದು ಕುಡಿಯುತ್ತಿದ್ದರು.

ಕೇಳಿದ್ದಕ್ಕೆ ಒಂದು ದಿನ ಹೇಳಿದರು. ಆಕೆಯ ತಾಯಿ ರೇಷ್ಮೆ ನೂಲು ಬಿಚ್ಚುತ್ತಿದ್ದವರು. ಒಂಬತ್ತನೇ ವಯಸ್ಸಿನಿಂದ ಹದಿನಾರರವರೆಗೆ, ಶಾಲೆಗೆ ಮುಂಚೆ ಮತ್ತು ಶಾಲೆ ಮುಗಿದ ಮೇಲೆ, ಈಕೆಯೂ ತಾಯಿಯ ಪಕ್ಕ ಬಿಸಿನೀರಿನ ಬೇಸಿನ್ ಮುಂದೆ ಕೂತವರು. ನೀರಿನಲ್ಲಿ ನೆನೆದ ಎಂಟು ಗೂಡುಗಳಿಂದ ಎಂಟು ಎಳೆ ಹಿಡಿದು ಸೇರಿಸಿದರೆ ಒಂದು ದಾರ. ಯಾವುದೋ ಒಂದು ಗೂಡಿನ ಎಳೆ ಮುಗಿದು ಏಳಾದರೆ ದಾರ ತೆಳ್ಳಗಾಗುತ್ತದೆ, ಆ ಕ್ಷಣವೇ ಇನ್ನೊಂದು ಗೂಡಿನ ಎಳೆ ಹಾಕಬೇಕು.

"ಒಂದು, ಎರಡು ಅಂತ ಎಣಿಸಿದ್ರೆ ಅಮ್ಮಿ ಬಿಸಿನೀರು ಚಿಮುಕಿಸೋಳು ಸಾರ್. ಎಣಿಸೋ ಹೊತ್ತಿಗೆ ಇನ್ನೊಂದು ಮುಗಿದಿರುತ್ತೆ. ನೋಡಿದ ತಕ್ಷಣ ಏಳು ಅಂತ ಕಾಣ್ಬೇಕು" ಎಂದರು. ಆ ಬೇಸಿನ್ ಮುಂದಿನಿಂದ ಎದ್ದು ಬರಲು ಆಕೆಗೆ ಇದ್ದದ್ದು ಓದೊಂದೇ. ಮೆಟ್ರಿಕ್ ಮುಗಿಸಿ, ಮದುವೆಯಾಗಿ, ಮಗು ಹೊತ್ತುಕೊಂಡು ಡಿ.ಎಡ್ ಮಾಡಿದವರು. ಸಾಯುವ ತನಕ ಆ ಹಬೆಯ ಮುಂದೆ ಮತ್ತೆ ಕೂರುವುದಿಲ್ಲ ಎಂದು ತಾಯಿಯ ಎದುರೇ ಹೇಳಿ ಬಂದಿದ್ದರಂತೆ.

ನಾಲ್ಕನೇ ತರಗತಿಯ ಗಣಿತ ಆಕೆಗೆ ಬಿತ್ತು. ಇಪ್ಪತ್ತಾರು ಮಕ್ಕಳು. ಎಂಟಕ್ಕೆ ಐದು ಕೂಡಿಸಿ ಎಂದರೆ ಹತ್ತೊಂಬತ್ತು ಮಕ್ಕಳ ಬೆರಳು ಡೆಸ್ಕಿನ ಕೆಳಗೆ ಹೋಗುತ್ತಿದ್ದವು. ಎರಡನೇ ವಾರವೇ ಆಕೆ ನನ್ನ ಕೋಣೆಗೆ ಬಂದರು.

"ಇವಕ್ಕೆ ಲೆಕ್ಕ ಬರಲ್ಲ ಅಂತಲ್ಲ ಸಾರ್. ಎಣಿಸೋದು ಬಿಟ್ಟಿಲ್ಲ, ಅಷ್ಟೆ. ಎಣಿಸೋದ್ರಲ್ಲೇ ತಲೆ ಪೂರ್ತಿ ಖರ್ಚಾದ್ರೆ ಭಾಗಾಕಾರಕ್ಕೆ ಎಲ್ಲಿಂದ ತರೋದು? ಆಟ ಆಡಿಸ್ತೀನಿ. ಸ್ವಲ್ಪ ತೂತುಗೂಡು ತರ್ಲಾ?"

ತೂತುಗೂಡು ಎಂದರೆ ಒಳಗಿನ ಹುಳು ಚಿಟ್ಟೆಯಾಗಿ ತೂತು ಮಾಡಿಕೊಂಡು ಹೊರಬಿದ್ದ ಗೂಡು. ಅದರಿಂದ ನೂಲು ಬರುವುದಿಲ್ಲ ಎಂಬುದು ವಿಜಯಪುರದ ಬೆಕ್ಕಿಗೂ ಗೊತ್ತು. ನಾನು ಪೇಪರು ಓದುತ್ತಿದ್ದೆ. "ಮಾಡ್ಕೊಳಮ್ಮ, ಗಲಾಟೆ ಆಗದಿದ್ರೆ ಸರಿ" ಎಂದೆ. ಬಾಯಿಮಾತಿನ ಅನುಮತಿ. ಕಾಗದದ ಮೇಲೆ ಒಂದಕ್ಷರ ಇಲ್ಲ.

ಆಟ ಸುಲಭ. ಮುನಿತಾಯಮ್ಮನ ಅಡುಗೆಮನೆಯ ಅಲ್ಯೂಮಿನಿಯಂ ಬೇಸಿನ್ನಿನಲ್ಲಿ ಒಂದಿಷ್ಟು ನೀರು, ಮೇಲೆ ತೇಲುವ ಗೂಡು. ಅದರ ಮೇಲೊಂದು ಊಟದ ತಟ್ಟೆ ಮುಚ್ಚಿರುತ್ತದೆ. ಟೀಚರ್ ತಟ್ಟೆ ಎತ್ತಿ, ಒಂದು ಉಸಿರು ಹೊತ್ತು ತೋರಿಸಿ, ಮುಚ್ಚಿಬಿಡುತ್ತಾರೆ. ಎಷ್ಟು ಕಂಡಿತು? ಹತ್ತಕ್ಕೆ ಎಷ್ಟು ಕಮ್ಮಿ? ಮೊದಲು ಐದರೊಳಗೆ, ಆಮೇಲೆ ಹತ್ತರೊಳಗೆ, ಆಮೇಲೆ ಎರಡು ಗುಂಪು. ಏಳು ಮತ್ತು ಆರು ಕಂಡರೆ ಆರರಿಂದ ಮೂರು ತೆಗೆದು ಏಳಕ್ಕೆ ಹಾಕು, ಹತ್ತಾಯಿತು, ಉಳಿದದ್ದು ಮೂರು. ಮಗ್ಗಿಗೂ ಹೀಗೇ ಅಡ್ಡದಾರಿಗಳಿದ್ದವು. ಒಂಬತ್ತರ ಮಗ್ಗಿ ಮರೆತರೆ ಹತ್ತರದ್ದು ಹೇಳಿ ಒಂದು ಪಾಲು ತೆಗೆ. ಎಂಟರದ್ದು ಬರದಿದ್ದರೆ ಮೂರು ಸಲ ಇಮ್ಮಡಿ ಮಾಡು. ಏಳು, ಹದಿನಾಲ್ಕು, ಇಪ್ಪತ್ತೆಂಟು, ಐವತ್ತಾರು. ಗೊತ್ತಿರುವುದನ್ನು ಹಿಡಿದುಕೊಂಡು ಗೊತ್ತಿಲ್ಲದ್ದಕ್ಕೆ ಹೋಗು ಎನ್ನುತ್ತಿದ್ದರು. ಹಳೆ ಲಗ್ನಪತ್ರಿಕೆ ಕತ್ತರಿಸಿ ಇಸ್ಪೀಟಿನ ಹಾಗೆ ಎಲೆ ಮಾಡಿಕೊಟ್ಟಿದ್ದರು. ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ಶಾಲೆಯಲ್ಲಿ ಮಗ್ಗಿಯ ಸದ್ದೇ ಇಲ್ಲ, ಇಸ್ಪೀಟಿನ ನಗು!

ಆದರೆ ಡಿಸೆಂಬರಿನಲ್ಲಿ ಒಂದು ದಿನ ಪರೀಕ್ಷೆ ಮಾಡೋಣವೆಂದು ನಾಲ್ಕನೇ ತರಗತಿಯ ವಿಜಯ್ ಎಂಬ ಹುಡುಗನನ್ನು ವರಾಂಡದಲ್ಲಿ ನಿಲ್ಲಿಸಿ ಏಳೆಂಟ್ಲ ಕೇಳಿದೆ. ಈ ವಿಜಯ್ ನಮ್ಮ ಶಾಲಾ ಸಮಿತಿ ಅಧ್ಯಕ್ಷ ಪಿಳ್ಳಪ್ಪನವರ ಮೊಮ್ಮಗ, ಜೂನ್‌ನಲ್ಲಿ ಎಂಟಕ್ಕೆ ಐದು ಕೂಡಿಸಲು ಕಾಲ್ಬೆರಳನ್ನೂ ಎಣಿಸುತ್ತಿದ್ದವನು. "ಐವತ್ತಾರು" ಎಂದು ಹೇಳಿ, ನಾನು ಇನ್ನೇನು ಕೇಳುವುದರೊಳಗೆ ಓಡಿಹೋದ. ನನ್ನ ಮೂವತ್ತನಾಲ್ಕು ವರ್ಷದ ಗಂಟಲು ಆವತ್ತು ನೋಯಿತು.

ಆ ಆಟದಲ್ಲಿ ಎಲ್ಲರಿಗಿಂತ ಚುರುಕು ಕಣ್ಣು ತಂಜೀಲಾ ಎಂಬ ಹುಡುಗಿಯದು. ಹಿಂದಿನ ಬೆಂಚಿನ ಮೂಲೆಯವಳು, ದನಿ ಕೇಳಿಸುವುದೇ ಕಷ್ಟ. ತಟ್ಟೆ ಎತ್ತುವುದೇ ತಡ, ಎಷ್ಟು ಗೂಡು ಎಂದು ಹೇಳಿಬಿಡುತ್ತಿದ್ದಳು. ಹತ್ತಕ್ಕೆ ಎಷ್ಟು ಕಮ್ಮಿ ಎಂದರೆ ಮಾತ್ರ ಒಂದು ಗಳಿಗೆ ನಿಲ್ಲುತ್ತಿದ್ದಳು. ಶಹನಾಜ್ ಎರಡು ಸಲ ನನ್ನ ಹತ್ತಿರ ಹೇಳಿದ್ದರು, "ಈ ಹುಡುಗಿ ಎಲ್ಲೋ ಸುತ್ತಿ ಬರ್ತಾಳೆ ಸಾರ್. ಯಾವ ದಾರೀಲಿ ಅಂತ ಗೊತ್ತಾಗ್ತಿಲ್ಲ" ಎಂದು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಜನವರಿಯ ಒಂದು ಗುರುವಾರ ಪಿಳ್ಳಪ್ಪನವರು ಕಾಂಪೌಂಡಿನ ಆಚೆಯಿಂದ ಮೊಬೈಲಿನಲ್ಲಿ ಫೋಟೋ ತೆಗೆದರು. ಅಂಗಳದಲ್ಲಿ ಬೇಸಿನ್, ಸುತ್ತ ಸಮವಸ್ತ್ರದ ಮಕ್ಕಳು ಕುಕ್ಕರಗಾಲಲ್ಲಿ, ನೀರಲ್ಲಿ ಗೂಡು. ಕೆಳಗೆ 'ಇದು ಶಾಲೆಯೋ ನೂಲು ಬಿಚ್ಚೋ ಶೆಡ್ಡೋ?' ಎಂದು ಬರೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದರು. ಹೊರಗಿನವರಿಗೆ ಇದು ತಮಾಷೆ ಎನಿಸಬಹುದು. ನಮ್ಮೂರಿನಲ್ಲಿ ಅಲ್ಲ. ಹಿಂದೆ ಮಕ್ಕಳನ್ನು ರೇಷ್ಮೆ ಕೆಲಸಕ್ಕೆ ಕೂರಿಸಿದವರ ಮನೆಗೆ ಪೊಲೀಸು ಬಂದದ್ದನ್ನು ಕಂಡವರು ನಾವು. ಗೂಡು ಮತ್ತು ಮಗು ಒಂದೇ ಫೋಟೋದಲ್ಲಿ ಬಂದರೆ ಇಲ್ಲಿ ಯಾರೂ ನಗುವುದಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಕಾಲ ಬೇರೆ. ಸಂಜೆಯೊಳಗೆ ಫೋಟೋ ದೇವನಹಳ್ಳಿ ದಾಟಿತ್ತು.

ಐದು ಗಂಟೆಗೆ ಮೇಲಿನಿಂದ ಫೋನು. ಪಾಪಯ್ಯ ಎಂಬ ಶಿಕ್ಷಣ ಇಲಾಖೆಯ ಅಧಿಕಾರಿ, ನೆಲಮಂಗಲದ ಕಡೆಯವರು, ಬಂದು ಆರು ತಿಂಗಳಾಗಿತ್ತು. "ಏನ್ರೀ ಮೇಷ್ಟ್ರೇ ಇದು? ನಿಮಗೆ ಗೊತ್ತಿದ್ದೇ ನಡೀತಾ?" ಎಂದರು.

ನಾನು, "ಇಲ್ಲ ಸಾರ್, ನನ್ನ ಗಮನಕ್ಕೆ ಬಂದಿಲ್ಲ" ಎಂದೆ.

ಅಷ್ಟೇ. ಐದು ಪದ. ನಿವೃತ್ತಿಗೆ ಹದಿನಾಲ್ಕು ತಿಂಗಳಿತ್ತು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದುಕೊಂಡೆ. ದೊಣ್ಣೆ ನನಗೆ ತಪ್ಪಿದರೆ ಪಕ್ಕದವರಿಗೆ ಬೀಳುತ್ತದೆ ಎಂಬುದು ಗೊತ್ತಿಲ್ಲದ ಮನುಷ್ಯನೇನಲ್ಲ ನಾನು. ಗೊತ್ತಿದ್ದೇ ಹೇಳಿದೆ.

ಬೆಳಿಗ್ಗೆ ಶಹನಾಜ್ ಬಂದರು. ನಾನು ಹೇಳಿದ್ದು ಅಷ್ಟರಲ್ಲಿ ಅವರ ಕಿವಿಗೂ ಬಿದ್ದಿತ್ತು. ಜಗಳ ಆಡುತ್ತಾರೆ ಎಂದು ಕಾದೆ, ಆಡಿದ್ದರೆ ಎಷ್ಟೋ ಚೆನ್ನಾಗಿತ್ತು. "ಸೋಮವಾರ ಬರ್ತಾರಂತೆ ಸಾರ್. ನಿಮ್ಮ ಹೆಸರು ನಾನಾಗಿ ಹೇಳಲ್ಲ. ಮಕ್ಕಳನ್ನ ಹೆದರಿಸದಿದ್ರೆ ಸಾಕು" ಎಂದು ಹೇಳಿ ಕ್ಲಾಸಿಗೆ ಹೋದರು.

ಸೋಮವಾರ ಹನ್ನೊಂದಕ್ಕೆ ಪಾಪಯ್ಯನವರ ಜೀಪು ಬಂತು. ಮನುಷ್ಯ ಕೆಟ್ಟವರಲ್ಲ, ಅದನ್ನು ಹೇಳಲೇಬೇಕು. ಮೊದಲು ಗೂಡುಗಳನ್ನೆಲ್ಲ ಅಕ್ಕಿಚೀಲಕ್ಕೆ ತುಂಬಿಸಿ ಬಾಯಿ ಕಟ್ಟಿಸಿದರು. ಆಮೇಲೆ ನಾಲ್ಕನೇ ತರಗತಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು ಶಹನಾಜ್‌ಗೆ ಕೇಳಿಸುವ ಹಾಗೆ ಹೇಳಿದರು.

"ನೋಡಮ್ಮ, ನಾನು ಬಂದಿರೋದು ಒಂದೇ ವಿಷಯಕ್ಕೆ. ಈ ಮಕ್ಕಳಿಗೆ ಲೆಕ್ಕ ಬಂದ್ರೆ ನೀವು ಮಾಡಿದ್ದು ಪಾಠ. ಬರದಿದ್ರೆ ಮಾಡಿಸಿದ್ದು ಕೆಲಸ. ಹಂಗೇ ಬರೀತೀನಿ. ಕೆಲಸ ಅಂತ ಬರೆದ್ರೆ ನಾಳೆಯಿಂದ ನೀವು ಬರೋಹಾಗಿಲ್ಲ. ಇನ್ನೊಂದು ಮಾತು. ಯಾವುದಾದ್ರೂ ಮಗು ಮನೇಲಿ ನಿಜವಾಗ್ಲೂ ಬೇಸಿನ್ ಮುಂದೆ ಕೂತಿರೋದು ಗೊತ್ತಾದ್ರೆ ಅದು ನನ್ನ ಕೈಲಿರಲ್ಲ. ಅಪ್ಪ ಅಮ್ಮನ ಮೇಲೆ ಕೇಸಾಗುತ್ತೆ."

ಶಹನಾಜ್ ತಲೆಯಾಡಿಸಿದರು. ಬಾಗಿಲಲ್ಲಿ ಪಿಳ್ಳಪ್ಪನವರು ಕೈಕಟ್ಟಿ ನಿಂತಿದ್ದರು. ನಾನು ಕಪ್ಪುಹಲಗೆಗೆ ಒರಗಿಕೊಂಡಿದ್ದೆ, ಬೆನ್ನಿಗೆ ಸೀಮೆಸುಣ್ಣ ಹತ್ತಿದ್ದೂ ತಿಳಿಯಲಿಲ್ಲ.

ಒಂದೊಂದು ಮಗುವಿಗೂ ಒಂದು ಹಾಳೆ. ಇಪ್ಪತ್ತು ಲೆಕ್ಕ, ಒಂದು ನಿಮಿಷ. ಪಾಪಯ್ಯನವರು ಮೊಬೈಲಿನಲ್ಲಿ ಟೈಮರ್ ಹಾಕಿ ಮೇಜಿನ ಮೇಲಿಟ್ಟರು. ಅದು ಟಕ್ ಟಕ್ ಎನ್ನತೊಡಗಿತು. ಮಕ್ಕಳ ಮುಖ ನೋಡಿದೆ. ಒಬ್ಬರೂ ಹಾಳೆ ನೋಡುತ್ತಿರಲಿಲ್ಲ, ಮೊಬೈಲು ನೋಡುತ್ತಿದ್ದರು. ಮೂರನೇ ಲೆಕ್ಕಕ್ಕೇ ಅಕ್ಷತ ಎಂಬ ಹುಡುಗಿ ಅಳಲು ಶುರುಮಾಡಿದಳು. ಆಮೇಲೆ ನಾನು ನೋಡಬಾರದೆಂದುಕೊಂಡದ್ದನ್ನು ನೋಡಿದೆ. ತಿಂಗಳುಗಳಿಂದ ಕಾಣದಿದ್ದ ಬೆರಳುಗಳು ಒಂದೊಂದಾಗಿ ಡೆಸ್ಕಿನ ಕೆಳಗೆ ಇಳಿಯತೊಡಗಿದ್ದವು. ವಿಜಯ್ ಐದು ಲೆಕ್ಕ ಮಾಡಿ ಪೆನ್ಸಿಲ್ ಕಚ್ಚುತ್ತ ಕೂತಿದ್ದ. ಮೊಬೈಲು ಗಂಟೆ ಬಾರಿಸಿತು. ಎಲ್ಲರಿಗಿಂತ ಹೆಚ್ಚು ಮಾಡಿದವರದು ಏಳು.

ಪಾಪಯ್ಯನವರು ಹಾಳೆಗಳನ್ನು ಜೋಡಿಸಿ ಪೆನ್ನಿನ ಮುಚ್ಚಳ ತೆಗೆದರು. ಬಾಗಿಲಲ್ಲಿದ್ದ ಪಿಳ್ಳಪ್ಪನವರ ಕಣ್ಣು ಮೊಮ್ಮಗನ ಮೇಲಿತ್ತು, ಮುಖ ಸಣ್ಣದಾಗಿತ್ತು. ತಾವೇ ಹಚ್ಚಿದ ಬೆಂಕಿ ತಮ್ಮ ಹಿತ್ತಲಿಗೂ ಬಂದದ್ದು ಅವರಿಗೆ ಆಗ ತಿಳಿಯಿತೆಂದು ಕಾಣುತ್ತದೆ.

"ಸಾರ್" ಎಂದರು ಶಹನಾಜ್. ದನಿ ನಡುಗುತ್ತಿತ್ತು. "ಗಡಿಯಾರ ಇಟ್ರೆ ಮಕ್ಕಳು ಗಡಿಯಾರ ನೋಡ್ತಾವೆ, ಲೆಕ್ಕ ನೋಡಲ್ಲ. ನಾನು ಇವಕ್ಕೆ ಯಾವತ್ತೂ ಗಡಿಯಾರ ಇಟ್ಟಿಲ್ಲ. ಐದು ನಿಮಿಷ ಕೊಡಿ. ನಾನು ಬಾಯಿ ತೆಗೆಯಲ್ಲ. ನೀವೇ ಆಡಿಸಿ."

ಪಾಪಯ್ಯ ಆಕೆಯನ್ನೊಮ್ಮೆ ನೋಡಿದರು. ಆಮೇಲೆ ಮೊಬೈಲು ಜೇಬಿಗಿಟ್ಟು, ತಾವೇ ಕಟ್ಟಿಸಿದ ಚೀಲದ ಬಾಯಿ ಬಿಚ್ಚಿದರು. ಮುನಿತಾಯಮ್ಮ ಓಡಿ ಬೇಸಿನ್ ತಂದಿಟ್ಟಳು.

ಮೊದಲು ರೆಹಾನ್. ತಟ್ಟೆ ಎತ್ತಿ ಮುಚ್ಚಿದರು. "ಒಂಬತ್ತು ಸಾರ್. ಹತ್ತಕ್ಕೆ ಒಂದು ಕಮ್ಮಿ." ಪಾಪಯ್ಯ ತಟ್ಟೆ ಎತ್ತಿ ಬೆರಳಿಟ್ಟು ಎಣಿಸಿದರು. ಒಂಬತ್ತು. ವಿಜಯ್‌ನನ್ನು ಎಬ್ಬಿಸಿ ಆರೊಂಬತ್ಲ ಕೇಳಿದರು. "ಐವತ್ನಾಲ್ಕು. ಆರ್ಹತ್ಲ ಅರವತ್ತು, ಅದರಲ್ಲಿ ಒಂದು ಆರು ತೆಗೆದೆ" ಎಂದ. ಕಣ್ಣೊರೆಸಿಕೊಂಡು ಅಕ್ಷತ ಎದ್ದಳು. ಎಂಟು, ಏಳು ತೋರಿಸಿದರೆ, "ಹದಿನೈದು. ಏಳರಿಂದ ಎರಡು ತಗೊಂಡು ಎಂಟಕ್ಕೆ ಹಾಕ್ದೆ, ಹತ್ತು, ಮಿಕ್ಕಿದ್ದು ಐದು." ಹತ್ತು ನಿಮಿಷದಲ್ಲಿ ತರಗತಿಯ ಬಣ್ಣವೇ ಬದಲಾಯಿತು. ಪಾಪಯ್ಯನವರು ಕುರ್ಚಿ ಬಿಟ್ಟು ನೆಲಕ್ಕೇ ಕೂತರು. ಒಂದು ಸಲ ಅವರೇ ಕಣ್ಣಳತೆ ಹೇಳಿ ರೆಹಾನ್ ಮುಂದೆ ಸೋತರು. ಮಕ್ಕಳು ನಕ್ಕವು, ಅವರೂ ನಕ್ಕರು. ಶಹನಾಜ್ ಉಳಿದುಕೊಂಡರು, ನನ್ನ ಸುಳ್ಳೂ ಮುಚ್ಚಿಹೋಯಿತು ಎಂದು ಎರಡಕ್ಕೂ ಒಟ್ಟಿಗೇ ಸಂತೋಷಪಟ್ಟೆ. ನಾಚಿಕೆಗೇಡು, ಆದರೆ ನಿಜ.

"ಆ ಮೂಲೇಲಿರೋ ಮಗು ಬರ್ಲಿ" ಎಂದರು ಪಾಪಯ್ಯ.

ತಂಜೀಲಾ ಬಂದಳು. ಎರಡು ಗುಂಪು ಗೂಡು, ಏಳು ಒಂದು ಕಡೆ, ಆರು ಒಂದು ಕಡೆ. ತಟ್ಟೆ ಪೂರ್ತಿ ಎತ್ತಿಯೇ ಇರಲಿಲ್ಲ. "ಹದಿಮೂರು" ಎಂದಳು.

"ಹೆಂಗೆ ಗೊತ್ತಾಯ್ತು?"

"ಏಳಕ್ಕೆ ಒಂದು ಹಾಕ್ದೆ, ಎಂಟಾಯ್ತು. ಉಳಿದಿದ್ದು ಐದು."

ಪಾಪಯ್ಯನವರ ಹುಬ್ಬು ಮೇಲಕ್ಕೆ ಹೋಯಿತು. ಎಂಟು, ಒಂಬತ್ತು ಇಟ್ಟರು. "ಹದಿನೇಳು. ಎಂಟು, ಎಂಟು, ಮೇಲೊಂದು." ಅವರಿಗೆ ಹುರುಪು ಬಂತು. ಚೀಲಕ್ಕೆ ಕೈಹಾಕಿ ಎರಡು ಬೊಗಸೆ ಗೂಡು ಸುರಿದು, ಎರಡು ಉಸಿರು ಹೊತ್ತು ತೋರಿಸಿ ಮುಚ್ಚಿದರು. ತಂಜೀಲಾ ಕಣ್ಣು ಮುಚ್ಚಿಕೊಂಡು ತುಟಿ ಅಲುಗಿಸಿದಳು.

"ಇಪ್ಪತ್ಮೂರು. ಮೂರು ದಾರಕ್ಕೆ ಒಂದು ಕಮ್ಮಿ."

ಶಹನಾಜ್ ಕೈ ಪಕ್ಕದ ಡೆಸ್ಕಿನ ಅಂಚನ್ನು ಹಿಡಿದುಕೊಂಡಿತು. ವಿಜಯಪುರದವರಾದ ನಮಗೆಲ್ಲ ಆ ಒಂದೇ ಮಾತಿಗೆ ಅರ್ಥವಾಗಿತ್ತು. ಹತ್ತನ್ನು ಕಲಿಸಿದ್ದು ಶಾಲೆ. ಎಂಟನ್ನು ಕಲಿಸುವುದು ಬೇಸಿನ್. ಎಂಟು ಗೂಡಿಗೆ ಒಂದು ದಾರ ಎಂಬ ಲೆಕ್ಕ ನಾಲ್ಕನೇ ತರಗತಿಯ ಹುಡುಗಿಯ ಬಾಯಲ್ಲಿ ಸುಮ್ಮನೆ ಬರುವುದಿಲ್ಲ. ಹುಡುಗಿ ಸುತ್ತಿ ಬರುತ್ತಿದ್ದ ದಾರಿ ಇದು. ಬಾಗಿಲಲ್ಲಿ ಪಿಳ್ಳಪ್ಪನವರೂ ಕಟ್ಟಿದ್ದ ಕೈ ಬಿಟ್ಟರು.

ಪಾಪಯ್ಯ ಹೊರಗಿನವರಾದರೂ ದಡ್ಡರಲ್ಲ. ತಟ್ಟೆಯನ್ನು ನಿಧಾನವಾಗಿ ಕೆಳಗಿಟ್ಟರು. "ಯಾವ ದಾರನಮ್ಮ? ಎಲ್ರೂ ಹತ್ತು ಅಂದ್ರು. ನಿನಗೆ ಎಂಟು ಹೇಳ್ಕೊಟ್ಟೋರು ಯಾರು?"

ತಂಜೀಲಾ ಸುತ್ತ ನೋಡಿದಳು. ತಾನು ಸರಿ ಉತ್ತರ ಹೇಳಿದಮೇಲೂ ಯಾಕೆ ಎಲ್ಲರ ಮುಖ ಹೀಗಾಯಿತು ಎಂದು ಅವಳಿಗೆ ತಿಳಿಯಲಿಲ್ಲ. ಮನೆಯಲ್ಲಿ ಎಂದು ಅವಳೊಂದು ಮಾತು ಹೇಳಿದರೆ ಸಾಕು, ಶಹನಾಜ್ ಮೇಲಿನ ಆರೋಪ ಅಲ್ಲಿಗೇ ಮುಗಿಯುತ್ತದೆ, ಶಾಲೆ ಕಲಿಸಿದ್ದಲ್ಲ ಎಂದಾಗುತ್ತದೆ. ಅದೇ ಮಾತಿಗೆ ಅವಳ ತಾಯಿ ಫರ್ಹಾಳ ಮೇಲೆ ಕೇಸಾಗುತ್ತದೆ. ನನಗೆ ಇಷ್ಟೂ ಹೊಳೆಯಿತು. ಹೊಳೆದೂ ಸುಮ್ಮನೆ ನಿಂತಿದ್ದೆ.

"ಅಮ್ಮಿ..." ಎಂದು ತಂಜೀಲಾ ಬಾಯಿ ತೆರೆದಳು.

"ನಾನು ಸಾರ್" ಎಂದರು ಶಹನಾಜ್. ಈ ಸಲ ದನಿ ನಡುಗಲಿಲ್ಲ. "ಎಂಟು ನಂದು. ಒಂಬತ್ತು ವರ್ಷಕ್ಕೆ ಬೇಸಿನ್ ಮುಂದೆ ಕೂತೋಳು ನಾನು. ಈ ಹುಡುಗೀಗೆ ಕಣ್ಣು ಚುರುಕು ಅಂತ ದಾರದ ಲೆಕ್ಕ ನಾನೇ ಹೇಳ್ಕೊಟ್ಟೆ."

"ಏನು ಹೇಳ್ತಿದೀರ ಗೊತ್ತಾ? ನೂಲು ಬಿಚ್ಚೋ ಲೆಕ್ಕ ಹೇಳ್ಕೊಟ್ಟೆ ಅಂತ ನೀವೇ ಒಪ್ಕೊಂಡ ಹಾಗಾಯ್ತು."

"ಗೊತ್ತು ಸಾರ್. ಬರ್ಕೊಳಿ."

ಪಾಪಯ್ಯ ನಂಬಿದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ತಂಜೀಲಾಳ ಕಡೆ ಒಂದು ಸಲ, ಶಹನಾಜ್ ಅವರ ಬಿಳಿಚಿದ ಬೆರಳುಗಳ ಕಡೆ ಒಂದು ಸಲ ನೋಡಿ ಬರೆಯತೊಡಗಿದರು. ಆಗ ನನ್ನೊಳಗೆ ಏನೋ ಕಿತ್ತುಕೊಂಡು ಬಂತು. "ಗೂಡು ತರೋಕೆ ಒಪ್ಪಿದ್ದು ನಾನೇ ಸಾರ್. ಫೋನಲ್ಲಿ ನಿಮಗೆ ಸುಳ್ಳು ಹೇಳಿದೆ" ಎಂದೆ. ಅವರು ಅದನ್ನೂ ಬರೆದುಕೊಂಡರು.

ಅದರಿಂದ ಆದದ್ದೇನು ಗೊತ್ತೇ? ನನಗೊಂದು ನೋಟಿಸು ಬಂತು. ಎರಡು ಪುಟದ ಉತ್ತರ ಬರೆದೆ, ಕಡತ ಮುಚ್ಚಿತು. ಖಾಯಂ ನೌಕರನ ತಪ್ಪಿಗೆ ಕಾಗದವಿರುತ್ತದೆ, ಉತ್ತರವಿರುತ್ತದೆ, ಕ್ಷಮೆಯೂ ಇರುತ್ತದೆ. ಅತಿಥಿಗೆ ಕಾಗದವೂ ಇಲ್ಲ. ನಾಳೆಯಿಂದ ಬರಬೇಡಿ ಎಂದು ಹೇಳಿಸಿದರು, ಅದನ್ನು ಹೇಳುವ ಕೆಲಸವೂ ನನಗೇ ಬಿತ್ತು. ಪಾಪಯ್ಯನವರು ಅದೇ ವರದಿಯಲ್ಲಿ 'ಈ ತರಗತಿಯ ಮಕ್ಕಳ ಗಣಿತ ಬಹಳ ಉತ್ತಮವಾಗಿದೆ' ಎಂದೂ ಬರೆದಿದ್ದರು. ಒಂದೇ ಹಾಳೆಯಲ್ಲಿ ಎರಡೂ ಇದ್ದವು.

ಆ ಸೋಮವಾರವೇ ನಾಲ್ಕೂವರೆಗೆ ಮಕ್ಕಳು ಹೋದ ಮೇಲೆ ಶಹನಾಜ್ ತಮ್ಮ ಬ್ಯಾಗು ಹೆಗಲಿಗೆ ಹಾಕಿಕೊಂಡು ಬಂದರು. "ತಂಜೀಲಾ ಮನೆಗೆ ಹೋಗ್ತಿದೀನಿ ಸಾರ್. ಒಬ್ಬಳೇ ಹೋದ್ರೆ ಕೈ ಎತ್ತಿಬಿಡ್ತೀನಿ ಅಂತ ಭಯ. ನೀವೂ ಬನ್ನಿ."

ದಾರಿಯಲ್ಲಿ ಕೇಳಿದೆ. "ಯಾಕಮ್ಮ ಹಂಗೆ ಹೇಳಿದ್ರಿ? ಹುಡುಗೀನ ಕೆಲಸಕ್ಕೆ ಹಚ್ಚಿರೋದು ತಪ್ಪಲ್ವಾ? ಕೇಸಾದ್ರೆ ಆಗ್ಲಿ ಅನ್ಬೇಕಿತ್ತು."

ಆಕೆ ರಸ್ತೆಯಲ್ಲೇ ನಿಂತುಬಿಟ್ಟರು. "ಕೇಸಾಗುತ್ತೆ ಅಂತ ಸುದ್ದಿಯಾದ್ರೆ ಮೊದಲು ಯಾವುದು ನಿಲ್ಲುತ್ತೆ ಗೊತ್ತಾ ಸಾರ್? ಬೇಸಿನ್ ಅಲ್ಲ, ಸ್ಕೂಲು. ರಾತ್ರೋರಾತ್ರಿ ಹುಡುಗೀನ ಯಾವುದೋ ನೆಂಟರ ಊರಿಗೆ ಸಾಗಿಸಿಬಿಡ್ತಾರೆ. ನಾನು ಓದುವಾಗ ನನ್ನ ಬೆಂಚಲ್ಲಿ ಕೂರ್ತಿದ್ದೋಳು ಒಬ್ಬಳು ಹಂಗೇ ಹೋದ್ಲು. ವಾಪಸ್ ಬರ್ಲೇ ಇಲ್ಲ." ಬಿರಬಿರನೆ ನಡೆದರು. ನಾನು ಏದುಸಿರು ಬಿಡುತ್ತ ಹಿಂದೆ ಹೋದೆ.

ಮನೆಗೆ ಅಂಟಿಕೊಂಡೇ ಒಂದು ತಗಡಿನ ಶೆಡ್ಡು. ಒಳಗೆಲ್ಲ ಹಬೆ, ಬೆಂದ ಹುಳುವಿನ ವಾಸನೆ. ಬೇಸಿನ್ ಮುಂದೆ ಫರ್ಹಾ ಕೂತಿದ್ದಳು. ಪಕ್ಕದಲ್ಲಿ ಒಂದು ಕಿರುಮಣೆ, ಅದರ ಮೇಲೆ ತಂಜೀಲಾ, ಶಾಲೆಯ ಬಟ್ಟೆಯನ್ನೂ ಬದಲಾಯಿಸಿರಲಿಲ್ಲ. "ಅಮ್ಮಿ, ಏಳು" ಎಂದಳು. ತಾಯಿ ಒಂದು ಎಳೆ ಹಾಕಿದಳು. "ಆ ಕಡೇದು ಆರು." ಎರಡು ಹಾಕಿದಳು. ಹುಡುಗಿಯ ಕೈ ಎರಡೂ ಮಡಿಲಲ್ಲಿದ್ದವು, ನೀರು ಮುಟ್ಟುತ್ತಿರಲಿಲ್ಲ. ಬರೀ ನೋಡುತ್ತಿದ್ದಳು, ಹೇಳುತ್ತಿದ್ದಳು.

ಶಹನಾಜ್ ಬಾಗಿಲಿನಿಂದಲೇ ಕೂಗಿದರು. "ಫರ್ಹಾ! ಇವತ್ತು ನಿನ್ನ ಮಗಳನ್ನ ಉಳಿಸ್ಕೊಳೋಕೆ ನನ್ನ ಕೆಲಸ ಕೊಟ್ಟು ಬಂದಿದೀನಿ. ಇನ್ನೊಂದು ದಿನ ಇವಳು ಈ ಮಣೆ ಮೇಲೆ ಕಂಡ್ರೆ ನಾನೇ ಹೋಗಿ ಕಂಪ್ಲೇಂಟ್ ಬರೆಸ್ತೀನಿ. ಅಲ್ಲಾನ ಆಣೆ."

ಫರ್ಹಾ ಬೆಚ್ಚಿ ತಿರುಗಿದಳು. ಆದರೆ ಅವಳ ನೋಟ ನಮ್ಮ ಮೇಲೆ ನಿಲ್ಲಲಿಲ್ಲ, ನಮ್ಮ ಪಕ್ಕಕ್ಕೆಲ್ಲೋ ಹೋಯಿತು. ಕೈ ಮಾತ್ರ ಎಳೆ ಬಿಡಲಿಲ್ಲ.

"ಕ್ಯಾ ಕರೂಂ ಟೀಚರ್, ಏನು ಮಾಡ್ಲಿ, ನನಗೆ ಕಾಣಲ್ಲ" ಎಂದಳು. "ಹಬೇಗೆ ಕಣ್ಣು ಪೂರ್ತಿ ಮಂಜಾಗಿಬಿಟ್ಟಿದೆ. ಬೇಸಿನ್‌ನಲ್ಲಿ ಬೆಳ್ಳಗೆ ಕಾಣುತ್ತೆ, ಏಳೋ ಎಂಟೋ ಗೊತ್ತಾಗಲ್ಲ. ದಾರ ತೆಳ್ಳಗಾಯ್ತು ಅಂತ ಮೂರು ಸಲ ವಾಪಸ್ ಬಂತು. ಇವಳ ಕೈಲಿ ಕೆಲಸ ಮಾಡಿಸಲ್ಲ ಟೀಚರ್, ನೀರು ಮುಟ್ಟಿಸಿಲ್ಲ. ಇವಳ ಕಣ್ಣು ಮಾತ್ರ."

ಅಷ್ಟು ಹೊತ್ತಿನ ಸಿಟ್ಟು ಶಹನಾಜ್ ಮುಖದಿಂದ ಇಳಿಯುವುದನ್ನು ನಾನು ಕಂಡೆ. ಇಳಿದ ಜಾಗದಲ್ಲಿ ಬಂದದ್ದು ಭಯ. ಆ ಹಬೆಯನ್ನೇ ನೋಡುತ್ತ ನಿಂತರು. ಒಂದು ಹೆಜ್ಜೆ ಹಿಂದಕ್ಕೂ ಇಟ್ಟರು. ನಾನು, ಹೋಗೋಣ ಬನ್ನಿ, ನಾಳೆ ಯೋಚನೆ ಮಾಡೋಣ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಆಕೆ ಬ್ಯಾಗು ಇಳಿಸಿ ನನ್ನ ಕೈಗೆ ಕೊಟ್ಟರು.

"ಎದ್ದೇಳು" ಎಂದರು ತಂಜೀಲಾಗೆ.

ಹುಡುಗಿ ಎದ್ದಳು. ಶಹನಾಜ್ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಆ ಕಿರುಮಣೆಯ ಮೇಲೆ ಕೂತರು. ಹದಿನೆಂಟು ವರ್ಷದ ಮೇಲೆ ಕೂತರು. ಫರ್ಹಾ ಕೈ ನಿಲ್ಲಿಸಿ, "ನಕ್ಕೋ ಟೀಚರ್, ನೀವು ಬೇಡ" ಎಂದು ಅಳತೊಡಗಿದಳು.

"ಅಳೋದು ಆಮೇಲೆ. ಆರಾಗಿದೆ, ಎರಡು ಹಾಕು" ಎಂದರು ಶಹನಾಜ್. ನನ್ನ ಕಡೆ ತಿರುಗದೆಯೇ, "ಸಾರ್, ಹುಡುಗೀನ ಹೊರಗೆ ಕರ್ಕೊಂಡ್ಹೋಗಿ ಮಗ್ಗಿ ಕೇಳಿ. ಸಾಲಾಗಿ ಕೇಳ್ಬೇಡಿ, ನಡುನಡುವೆ ಕೇಳಿ" ಎಂದರು.

ಹೊರಗೆ ಕಟ್ಟೆಯ ಮೇಲೆ ಕೂತೆವು. ನಾನು "ಏಳಾರ್ಲ ಎಷ್ಟಮ್ಮ?" ಎಂದೆ. ತಂಜೀಲಾ ನನ್ನ ಕಡೆ ನೋಡಲಿಲ್ಲ, ಶೆಡ್ಡಿನ ಕಡೆ ಕಿವಿ ಕೊಟ್ಟಿದ್ದಳು. ಒಳಗಿನಿಂದ ಶಹನಾಜ್ ದನಿ ಕೇಳಿಸಿತು, "ಏಳು." ಸ್ವಲ್ಪ ಹೊತ್ತು ಬಿಟ್ಟು, "ಹಾಂ, ಸರಿಯಾಯ್ತು."

ಆಗ ಹುಡುಗಿ ನನ್ನ ಕಡೆ ತಿರುಗಿ "ನಲವತ್ತೆರಡು" ಎಂದಳು.